ಅರಬ್ಬಿ ಹಾವಿನ ದೋಷ

ನಾವಿದ್ದ ಕೊಲ್ಲಿಯ ದ್ವೀಪದಿಂದ ಸೌದಿಗೆ ಸೇತುವೆ ಇನ್ನೂ ಆಗಿರಲಿಲ್ಲ. ಉಮ್ ಅಲ್ ಹಸ್ಸಮ್‌ನ ಮನೆಯ ತಾರಸಿಯಲ್ಲಿ ನಾನು ಹಾವು, ಹಲ್ಲಿ, ಉಡಗಳನ್ನು ಸಾಕುತ್ತಿದ್ದೆ. ಸಾಕುತ್ತಿದ್ದೆ ಎನ್ನುವುದು ತಪ್ಪು. ಗಾಯ ಮಾಯುವವರೆಗೆ ಇಟ್ಟುಕೊಂಡು, ಆಮೇಲೆ ಮರಳಿಗೆ ಬಿಡುತ್ತಿದ್ದೆ. ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ, ಸರಕಿನಡಿ ಸಿಕ್ಕಿ ಜಜ್ಜಿಹೋದದ್ದನ್ನೆಲ್ಲ ಗೋಣಿಯಲ್ಲಿ ತರುತ್ತಿದ್ದರು. ಖಾಲಿ ಪೆಟ್ಟಿಗೆಗಳು, ಮೇಲೆ ಸೊಳ್ಳೆಬಲೆ. ಅಷ್ಟೇ ನನ್ನ ಆಸ್ಪತ್ರೆ.

ಕೆಳಗಿನ ಮನೆಯವರು ಉಡುಪಿ ಕಡೆಯವರು, ಕಂಪೆನಿಯೊಂದರ ಮ್ಯಾನೇಜರ್. ನಾಗನ ಪಟಕ್ಕೆ ಹೂವಿಡದೆ ಕಾಫಿ ಕುಡಿಯುವವರಲ್ಲ. ನಾನು ಮನಾಮಾ ಪೇಟೆಗೆ ಹೋಗಿದ್ದಾಗ ಅವರು ತಾರಸಿಗೆ ಬಂದು, ಬೆನ್ನಿನ ಗಾಯ ಇನ್ನೇನು ಮಾಯುತ್ತಿದ್ದ ಹಾವಿನ ಮೇಲೆ ಕುದಿಯುವ ನೀರು ಸುರಿದರು. ಪಾತ್ರೆ ಹಿತ್ತಾಳೆಯದು ಎಂದು ನೆನಪು. ಆದರೆ ನಾನು ನೋಡಿಯೇ ಇಲ್ಲ. ಹಿತ್ತಾಳೆಯನ್ನು ನನ್ನ ಸಿಟ್ಟು ತಂದಿಟ್ಟಿರಬೇಕು. ಸುಲಿದು ಬಂದ ಚರ್ಮವನ್ನು ಮಾತ್ರ ಕೈಯಾರೆ ಮುಟ್ಟಿದ್ದೇನೆ.

“ಪಂಚಮಿಗೆ ನಾಗನಿಗೆ ಹಾಲು, ಎಳನೀರಿನ ತನು ಎರೆಯುವವರಲ್ವಾ ನೀವು?” ಎಂದು ಕೇಳಿದೆ.

“ಎಂತ ಅಕ್ಕ ನೀವು! ಇದು ಅರಬ್ಬಿ ಹಾವಲ್ವಾ? ಇದಕ್ಕೆಲ್ಲ ಎಂತ ದೋಷ?” ಎಂದು ನಕ್ಕರು.

ಆ ನಗುವಿಗೆ ಉತ್ತರ ಕೂಡಲೇ ಕೊಟ್ಟೆನೋ, ಒಳಗೇ ಬೇಯಿಸಿ ಮತ್ತೊಂದು ದಿನ ಕೊಟ್ಟೆನೋ ಗೊತ್ತಿಲ್ಲ. ಮಾತು ಮಾತ್ರ ಇದು: “ಅರಬ್ಬಿ ಅಂತ ಯಾರು ಹೇಳಿದ್ದು ಮಾರಾಯ್ರೆ? ಮಂಗಳೂರು ಹೆಂಚಿನ ಪೆಟ್ಟಿಗೆಯಲ್ಲಿ ಬಂದದ್ದು ಅದು. ಹೆಡೆ ಬಿಚ್ಚುವಷ್ಟು ಜೀವ ಇರ್ಲಿಲ್ಲ, ಅಷ್ಟೆ.”

ಶುದ್ಧ ಸುಳ್ಳು. ಅದು ಹೆಡೆಯೇ ಇಲ್ಲದ, ಇಲ್ಲಿನ ಮರಳಲ್ಲೇ ಹುಟ್ಟಿದ ಬಡಪಾಯಿ.

ಅವರ ಮುಖ ಬಿಳಿಚಿತು. ರಜೆ ಹಾಕಿ ಊರಿಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದರು: ಹಿಟ್ಟಿನ ಹಾವು ಮಾಡಿ, ಅದನ್ನು ಸುಟ್ಟು, ಹೆತ್ತ ತಂದೆ ಸತ್ತಂತೆ ಸೂತಕ ಹಿಡಿದರು. ನನ್ನ ಹಾವಿಗೆ ಅವರು ಮಗನಾದರು! ನೆನೆದಾಗಲೆಲ್ಲ ಈಗಲೂ ಊಟ ರುಚಿಸುತ್ತದೆ.

“ಪಾಪ, ನಿಜ ಹೇಳಿಬಿಡು,” ಎಂದರು ಗಂಡ.

“ಪಾಪ ಯಾರು? ಅವರಾ?” ಎಂದೆ.

ಊರಿಂದ ಬಂದವರು ಪ್ರಸಾದ ಹಿಡಿದು ಬಾಗಿಲಿಗೆ ಬಂದರು. ಹಗುರಾಗಿದ್ದರು. ಆ ಹಗುರವನ್ನು ನನಗೆ ಸಹಿಸಲಾಗಲಿಲ್ಲ.

“ಎಲ್ಲ ಕ್ರಮದಲ್ಲಿ ಮುಗೀತು ಅಕ್ಕ. ಇನ್ನೆಂತದೂ ಇಲ್ಲ.”

ಪ್ರಸಾದವನ್ನು ಕಣ್ಣಿಗೊತ್ತಿಕೊಂಡೆ. “ಒಳ್ಳೆದಾಯ್ತು. ಅದೊಂದರದ್ದು ಮುಗೀತಲ್ಲ. ಪೆಟ್ಟಿಗೆಯಲ್ಲಿ ಜೋಡಿ ಇತ್ತು. ಇನ್ನೊಂದು ಎಲ್ಲಿ ಹೋಯ್ತೋ, ನಾವೂ ಹುಡುಕ್ತಾ ಇದ್ದೇವೆ.”

ಅವರು ಹೊಸಿಲ ಹೊರಗೆ ಬಗ್ಗಿ, ಕಾಲಿಡುವ ಮೊದಲು ಎರಡೂ ಚಪ್ಪಲಿಗಳನ್ನು ಕೊಡವಿದರು.