ಬಾನೆಟ್ಟಿನೊಳಗಿನ ಗೂರಲು

ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನ ಆ ಮನೆಯಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಂಟಾನ ಪೊದೆಗಳ ಮೇಲಿಂದ ಇಳಿದ ಮಂಜು ಹೊಸಿಲಿನವರೆಗೂ ಬಂದು ನಿಂತಿದೆ. ಬೇಲಿಯಾಚೆ ಬಿದ್ದಿರುವ ಆನೆಲದ್ದಿಯಿಂದ ಹಬೆ ಏಳುತ್ತಿದೆ. ಶಿವಮಲ್ಲು ಆ ಕಡೆ ನೋಡುವುದಿಲ್ಲ. ಬೂದು ಬಣ್ಣದ ಕಾರಿನ ಮುಂದೆ ಗೋಣಿಚೀಲ ಹಾಸಿ ಸ್ಪ್ಯಾನರುಗಳನ್ನು ಜೋಡಿಸುತ್ತಾರೆ. ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸುತ್ತಾರೆ. ಕೆಲಸ ಶುರುಮಾಡಲು ಅವರಿಗೆ ಮನಸ್ಸೇ ಬರುತ್ತಿಲ್ಲ.

"ಟರ್ಬೊ ಗಾಡಿಗೆ ಇದುವರ್ಗೂ ಕೈ ಆಕಿಲ್ಲ ಸಾ. ಮೊದ್ಲೇ ಏಳ್ಬುಡ್ತೀನಿ" ಎಂದು ಹಿಂದಿನ ಸಂಜೆಯೇ ಕಾರಿನ ಒಡೆಯ ಗಿರೀಶನಿಗೆ ಹೇಳಿದ್ದಾರೆ. ಗಿರೀಶ ಅಷ್ಟಕ್ಕೇ ಬಿಡಲಿಲ್ಲ. ಗುಂಡ್ಲುಪೇಟೆಯಲ್ಲಿ ಅವನು ಕೇಳಿದ ಮೆಕ್ಯಾನಿಕ್ಕುಗಳಲ್ಲಿ ಒಬ್ಬರೂ ಈ ಮನೆಗೆ ಬರಲು ಒಪ್ಪಿಲ್ಲ. ಕಾರಿನ ಸುದ್ದಿ ಪೇಟೆಯವರೆಗೂ ಹೋಗಿದೆ.

ಶಿವಮಲ್ಲು ಕುದೇರಿನವರು. ಚಾಮರಾಜನಗರದ ಗ್ಯಾರೇಜೊಂದರಲ್ಲಿ ಎಣ್ಣೆ ಒರೆಸುವ ಕೆಲಸದಿಂದ ಶುರುಮಾಡಿ ಮೇಸ್ತ್ರಿಯಾದವರು. ರಸ್ತೆ ಅಗಲವಾದಾಗ ಗ್ಯಾರೇಜು ಹೋಯಿತು. ಅಂದಿನಿಂದ ಮೊಪೆಡ್ಡಿನ ಹಿಂದೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಪುಣಜನೂರಿನ ಕಡೆ ಹಳೇ ಜೀಪು, ಕುದೇರಿನ ಸುತ್ತ ಟ್ರ್ಯಾಕ್ಟರು, ಪೇಟೆಯಲ್ಲಿ ಓಮ್ನಿ. ಎಲ್ಲವನ್ನೂ ಒದ್ದೆ ನೆಲದ ಮೇಲೆ ಮಲಗಿಯೇ ರಿಪೇರಿ ಮಾಡಬೇಕು. ಬೆನ್ನು ಹಿಡಿದುಕೊಂಡ ದಿನ ಹೆಂಡತಿ ಶಾಂತಮಲ್ಲಮ್ಮ ಬಿಸಿನೀರಿನ ಬಟ್ಟೆಯಿಟ್ಟು ಸೊಂಟ ತಿಕ್ಕುತ್ತಾರೆ. "ಇವತ್ತೊಂದಿನ ಓಗ್ಬ್ಯಾಡಿ" ಅನ್ನುತ್ತಾರೆ. ಬೆಳಗಾದರೆ ಅವರೇ ಬುತ್ತಿ ಕಟ್ಟುತ್ತಾರೆ.

ಗಿರೀಶ ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಕಾರು ಸೆಕೆಂಡ್ ಹ್ಯಾಂಡಿನದು. ಅವನ ತಂದೆ ಬೀರಯ್ಯ ಚೆಂಡುಹೂವಿನ ಹೊಲಕ್ಕೆ ಹಂದಿ ಬೀಳದಂತೆ ಅಟ್ಟಣೆ ಮೇಲೆ ಕಾವಲು ಕೂತು ಕೂತು ಗೂರಲು ಅಂಟಿಸಿಕೊಂಡಿದ್ದರು. ಕಳೆದ ಮಳೆಗಾಲದ ಒಂದು ಬೆಳಗ್ಗೆ ಉಸಿರು ಸಿಕ್ಕಿಕೊಂಡಿತು. ಮಗ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ. ಗುಂಡ್ಲುಪೇಟೆ ಮುಟ್ಟುವ ಮೊದಲೇ, ಗಿರೀಶನ ತಾಯಿ ಪುಟ್ಟಮಾದಮ್ಮನ ತೊಡೆಯ ಮೇಲೆ ಆ ಉಸಿರು ನಿಂತುಹೋಯಿತು.

ಆಮೇಲೆ ಕೆಲವು ತಿಂಗಳಿಗೆ ಕಾರು ಉಸಿರಾಡತೊಡಗಿತು. ಇಂಜಿನ್ ಆರಿಸಿ, ಕೀ ತೆಗೆದು, ಬಾಗಿಲು ಹಾಕಿ ಒಳಗೆ ಬಂದರೂ ಅಂಗಳದಿಂದ ಗೊರಗೊರ ಸದ್ದು ಕೇಳುತ್ತಿತ್ತು. ಎಳೆದು, ತಡೆದು, ಮತ್ತೆ ಎಳೆಯುವ ಸದ್ದು. ಅದು ಕೇಳಿದಾಗಲೆಲ್ಲ ಪುಟ್ಟಮಾದಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಹೊಸಿಲಿಗೆ ಬಂದು ನಿಲ್ಲುತ್ತಿದ್ದರು, ಸದ್ದು ನಿಲ್ಲುವ ತನಕ. ಗಿರೀಶ ಕಾರನ್ನು ಮೂಲೆಗೆ ನಿಲ್ಲಿಸಿ ಬಸ್ಸು ಹಿಡಿದ.

ಈಗ ಅವನ ಹೆಂಡತಿ ತೇಜಸ್ವಿನಿಗೆ ದಿನ ತುಂಬುತ್ತಿದೆ. ತವರಿನಲ್ಲಿ ನೋಡಿಕೊಳ್ಳುವವರಿಲ್ಲ. ಆನೆ ಓಡಾಡುವ ಈ ದಾರಿಯಲ್ಲಿ ಹೊತ್ತಲ್ಲದ ಹೊತ್ತಿಗೆ ನೋವು ಬಂದರೆ ಇರುವುದು ಈ ಕಾರೊಂದೇ. ಪುಟ್ಟಮಾದಮ್ಮ ಮಾತ್ರ ಹಟ ಹಿಡಿದಿದ್ದಾರೆ: "ಅದ್ರೊಳಗೆ ಬಸ್ರಿ ಎಂಗಸ್ನ ಕೂರ್ಸಕೆ ನಾನ್ ಬುಡಕಿಲ್ಲ."

ಎಣ್ಣೆ ಇಳಿಸುವ ಮೊದಲು ಇಂಜಿನ್ ಬಿಸಿಯಾಗಬೇಕು. ಗಿರೀಶ ಮುಖ್ಯರಸ್ತೆಯವರೆಗೆ ಕಾರು ಓಡಿಸಿಕೊಂಡು ಬರುತ್ತಾನೆ. ಮಂಜಿನೊಳಗಿಂದ ಕಾರಿಗಿಂತ ಮೊದಲು ಅದರ ಸಿಳ್ಳೆ ಬರುತ್ತದೆ. ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಒಳಕ್ಕೆ ಗಾಳಿ ತುಂಬುವ ಟರ್ಬೊ ಚಕ್ರದ ಸದ್ದು ಅದೆಂದು ಶಿವಮಲ್ಲು ಬಲ್ಲರು, ಕೇಳಿ ಬಲ್ಲರಷ್ಟೆ. ಗಿರೀಶ ಇಂಜಿನ್ ಆರಿಸಿ ಕೀಯನ್ನು ಅವರ ಅಂಗೈಗೆ ಹಾಕುತ್ತಾನೆ.

ಅಂಗೈಯಲ್ಲಿ ಕೀ ಇದ್ದಂತೆಯೇ ಬಾನೆಟ್ಟಿನ ಕೆಳಗೆ ಯಾರೋ ಉಸಿರೆಳೆಯುತ್ತಾರೆ.

"ಕೇಳುಸ್ತಾ?" ಹೊಸಿಲಿನಿಂದ ಪುಟ್ಟಮಾದಮ್ಮನ ದನಿ. "ಅದೇ ಕಣಪ್ಪ. ಕೊನೇ ದಿನ ಇಂಗೇ ಎಳೀತಿದ್ರು."

ಶಿವಮಲ್ಲುವಿನ ಕೈ ಪೆಟ್ಟಿಗೆಯ ಮುಚ್ಚಳಕ್ಕೆ ಹೋಗುತ್ತದೆ. ಪೆಟ್ಟಿಗೆ ಮುಚ್ಚಿ ಹೊರಟುಬಿಡೋಣ ಅನ್ನಿಸಿದ್ದನ್ನು ಅವರು ಈಗಲೂ ಮುಚ್ಚಿಡುವುದಿಲ್ಲ. ಆದರೆ ಒಳಗಿನಿಂದ ತೇಜಸ್ವಿನಿ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು, ಇನ್ನೊಂದರಲ್ಲಿ ಕಾಫಿ ಲೋಟ ಹಿಡಿದು ಬರುತ್ತಾಳೆ. "ಸರಿ ಹೋಗುತ್ತಾ ಅಣ್ಣಾ?" ಎಂದು ಮೆಲ್ಲಗೆ ಕೇಳುತ್ತಾಳೆ. ಆ ಮುಖ ನೋಡಿದ ಮೇಲೆ ಹೊರಡುವುದು ಆಗುವ ಮಾತಲ್ಲ.

ಸಿಗ್ನಲ್ಲಿಗಾಗಿ ನೀರಿನ ತೊಟ್ಟಿಯ ಕಟ್ಟೆ ಹತ್ತಿ, ಮೈಸೂರಿನ ದೊಡ್ಡ ಗ್ಯಾರೇಜಿನಲ್ಲಿರುವ ಹಳೇ ಜೊತೆಗಾರ ಬಸವಣ್ಣನಿಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ಮೊದಲು ಬರುವುದು ನಗು.

"ಅದು ಪಂಪು ಕಣ್ಲಾ! ಟರ್ಬೊ ಕೆಂಡದಂಗೆ ಕಾದಿರ್ತದೆ. ಇಂಜಿನ್ ನಿಂತ್ಮೇಲೂ ನೀರು ತಿರುಗ್ಸಿ ತಣ್ಣಗ್ ಮಾಡಕೆ ಬ್ಯಾಟ್ರಿ ಮೇಲೆ ಓಡೋ ಪಂಪು ಮಡಗಿರ್ತಾರೆ. ಆ ಕೂಲೆಂಟ್ ನೀರು ಕಮ್ಮಿಯಾಗಿ ಗಾಳಿ ಸೇರ್ಕಂಡದೆ, ಅದ್ಕೇ ಗೊರಗುಟ್ತದೆ. ಬಿಸಿ ಇದ್ದಾಗ ಮುಚ್ಚಳ ಬಿಚ್ಬ್ಯಾಡ, ಮಕ ಸುಟ್ಟೋದಾತು."

ಶಿವಮಲ್ಲು ಇಳಿದು ಬಂದು ಬ್ಯಾಟರಿಯ ವೈರು ಬಿಚ್ಚುತ್ತಾರೆ. ಉಸಿರು ಅರ್ಧಕ್ಕೇ ನಿಲ್ಲುತ್ತದೆ. "ನೋಡವ್ವ, ಕರೆಂಟಿನ ಪಂಪಂತೆ" ಎಂದು ಪುಟ್ಟಮಾದಮ್ಮನಿಗೆ ತೋರಿಸುತ್ತಾರೆ. ಅವರ ಕಣ್ಣು ಹಿಂದಿನ ಸೀಟಿನ ಮೇಲೆಯೇ ಇದೆ.

ಇಂಜಿನ್ ತಣಿಯುವವರೆಗೆ ಶಿವಮಲ್ಲು ಕಾರಿನ ಮುಂಭಾಗ ಎತ್ತಿ, ದಿಮ್ಮಿಯ ಆಸರೆ ಕೊಟ್ಟು, ಕೆಳಗೆ ಸರಿದು ಹಳೇ ಎಣ್ಣೆ ಇಳಿಸುತ್ತಾರೆ. ಟಾರಿನಂತೆ ಕಪ್ಪಾದ ಎಣ್ಣೆ ಸದ್ದಿಲ್ಲದೆ ಬಾಣಲಿಗೆ ಇಳಿಯುತ್ತದೆ. ಗಿರೀಶ ಹೊಸ ಕೂಲೆಂಟ್ ಡಬ್ಬಿ ತರಲು ಒಳಗೆ ಹೋಗಿದ್ದಾನೆ. ಕಾಡಿನ ಕಡೆ ಹಕ್ಕಿಗಳೂ ಸುಮ್ಮನಿವೆ. ಆಗ ಮೇಲಿನಿಂದ, ಹಿಂದಿನ ಸೀಟಿನ ಕಡೆಯಿಂದ, ಒಂದೇ ಒಂದು ಉಸಿರು ಕೇಳುತ್ತದೆ. ಉದ್ದವಾಗಿ, ಕಷ್ಟಪಟ್ಟು ಎಳೆದದ್ದು.

ಬ್ಯಾಟರಿಯ ವೈರು ಬಿಚ್ಚಿದಂತೆಯೇ ಇದೆ.

ಶಿವಮಲ್ಲು ಹೊರಗೆ ತೆವಳಿ ಬಂದು ಎದ್ದು ನಿಲ್ಲುತ್ತಾರೆ. ಹಿಂಬಾಗಿಲಿನ ಗಾಜಿನ ಮೇಲೆ ಅಂಗೈಯಗಲ ಹಬೆ ಕೂತಿದೆ. ಹೆಗಲ ಮೇಲಿನ ಬಟ್ಟೆಯಿಂದ ಒರೆಸುತ್ತಾರೆ. ಹೋಗುವುದಿಲ್ಲ. ಹಬೆ ಇರುವುದು ಒಳಮೈಯಲ್ಲಿ.

ಪುಟ್ಟಮಾದಮ್ಮ ಅಷ್ಟರಲ್ಲಿ ಅಂಗಳಕ್ಕಿಳಿದು ಪಕ್ಕದಲ್ಲಿ ನಿಂತಿದ್ದಾರೆ. ಅವರ ಮುಖದಲ್ಲಿ ಹೆದರಿಕೆಯಿಲ್ಲ. ಹಿಂಬಾಗಿಲ ಹಿಡಿಗೆ ಕೈಹಾಕಿ, ಪೂರ್ತಿ ತೆರೆದು, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಒಳಗಿದ್ದವರಿಗೆ ದಾರಿ ಬಿಟ್ಟಂತೆ.

"ಸಾಕು, ಇಳೀರಿ" ಅನ್ನುತ್ತಾರೆ. "ಮಗಿನ ಎತ್ಕಂಡು ಬರ್ಬೇಕು. ಜಾಗ ಬುಡಿ."

ಇಬ್ಬರೂ ನೋಡುತ್ತಿದ್ದಂತೆಯೇ ಗಾಜಿನ ಮೇಲಿನ ಹಬೆ ಅಂಚಿನಿಂದ ಕರಗುತ್ತ ಕರಗುತ್ತ ಇಲ್ಲವಾಗುತ್ತದೆ. ಬೇಲಿಯ ಕಡೆ ಒಣಗಿದ ಲಂಟಾನ ಕಡ್ಡಿಯೊಂದು ಮುರಿದ ಸದ್ದು. ತಿರುಗಿ ನೋಡಿದರೆ ಮಂಜು ಮಾತ್ರ.

ಉಳಿದದ್ದು ಕೈಗೆ ಗೊತ್ತಿರುವ ಕೆಲಸ. ಗಾಳಿಯ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿದೆ, ಅದು ಆಚೆಗೆ. ಸಡಿಲವಾಗಿ ಕೂಲೆಂಟ್ ಸೋರುತ್ತಿದ್ದ ಹೋಸಿನ ಕ್ಲಿಪ್ಪು ಬಿಗಿಯಾಗುತ್ತದೆ. ಹೊಸ ಫಿಲ್ಟರು, ಹೊಸ ಎಣ್ಣೆ. ಕೂಲೆಂಟ್ ತುಂಬಿ, ಬ್ಯಾಟರಿ ಜೋಡಿಸಿ, ಇಂಜಿನ್ ಶುರುಮಾಡುತ್ತಾರೆ. ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಟುಹೋಗುತ್ತದೆ. "ಆಕ್ಸಿಲೇಟ್ರು ತುಳೀಬ್ಯಾಡಿ ಸಾ, ಎಣ್ಣೆ ಮೊದ್ಲು ಟರ್ಬೊಗೆ ಏರ್ಲಿ" ಎಂದು ಗಿರೀಶನನ್ನು ತಡೆಯುತ್ತಾರೆ. ಮತ್ತೊಂದು ಸುತ್ತು ಹೋಗಿ ಬಂದು ಕೀ ತೆಗೆದಾಗ ಪಂಪು ಓಡುತ್ತದೆ. ಈಗ ಅದು ಜೇನುಹುಳ ಗುಂಯ್‌ಗುಟ್ಟಿದ ಹಾಗೆ, ಸಮನಾದ ಸದ್ದು.

ಪುಟ್ಟಮಾದಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿಸಿಕೊಳ್ಳುತ್ತಾರೆ. "ಈಗ ಅವ್ರಲ್ಲ" ಅನ್ನುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ಹೇಳದೆಯೇ ಹಿಂದಿನ ಸೀಟಿಗೆ ಹತ್ತಿ ಕೂತು, ಪಕ್ಕದ ಜಾಗ ತಟ್ಟಿ ಸೊಸೆಯನ್ನು ಕರೆಯುತ್ತಾರೆ: "ಬಾ ಕಣಮ್ಮಿ, ಒಂದ್ಸುತ್ತು ಓಗ್ಬರನ."

ಮುಂದಿನ ವಾರ ತೇಜಸ್ವಿನಿಗೆ ನೋವು ಬಂದಾಗ ಅದೇ ಕಾರು ಹೊರಟಿತು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಕೂಡಲೇ ಗಟ್ಟಿಯಾಗಿ ಅತ್ತಿತಂತೆ. ಈಗಲೂ ಕೆಲವೊಮ್ಮೆ ಬೆಳಗ್ಗೆ ಹಿಂದಿನ ಗಾಜಿನಲ್ಲಿ ಹಬೆ ಇರುತ್ತದೆಯೇ ಎಂದು ಕೇಳಿದರೆ ಪುಟ್ಟಮಾದಮ್ಮ ಮಗುವಿನ ಕುಲಾವಿ ಸರಿಮಾಡುತ್ತ, "ಮಂಜಿನ ಕಾಲ, ಇಲ್ದೆ ಎಲ್ಲೋದಾತು" ಅನ್ನುತ್ತಾರೆ.

ಆ ಮನೆಯ ಸುದ್ದಿ ಹರಡಿದ ಮೇಲೆ ಶಿವಮಲ್ಲುವಿಗೆ ಟರ್ಬೊ ಕಾರುಗಳು ಒಂದೊಂದಾಗಿ ಬರುತ್ತಿವೆ. ಅವರ ಆಸೆ ದೊಡ್ಡದಲ್ಲ. ಕುದೇರಿನ ಮನೆ ಪಕ್ಕ ನಾಕು ಶೀಟು ಹೊದಿಸಿ, ಮಲಗಿ ಕೆಲಸ ಮಾಡಲು ಒಣನೆಲ ಮಾಡಿಕೊಳ್ಳಬೇಕು, ಅಷ್ಟೆ. ಆ ಬೆಳಗಿನ ಮಾತು ಬಂದರೆ ಅವರು ಪಂಪಿನದೂ ಹೇಳುತ್ತಾರೆ, ವೈರು ಬಿಚ್ಚಿದ ಮೇಲೆ ಕೇಳಿದ್ದನ್ನೂ ಹೇಳುತ್ತಾರೆ. ಯಾವುದನ್ನೂ ಕಮ್ಮಿ ಮಾಡುವುದಿಲ್ಲ. ಉಗುರಿನ ಸಂದಿಯ ಕಪ್ಪನ್ನು ಕಡ್ಡಿಯಿಂದ ಕೆರೆಯುತ್ತ ಕೊನೆಗೆ ಅನ್ನುತ್ತಾರೆ:

"ಎದ್ರಿಕಂಡೇ ಮಾಡ್ದೆ ಸಾ, ಸುಳ್ಳೇನು. ಆದ್ರೂವೆ ಒಂದು ಬೋಲ್ಟೂ ಸಡ್ಲ ಬುಡ್ಲಿಲ್ಲ."