ಇಂದ್ರವ್ವ ಪೈಲ್ವಾನನನ್ನು ಕೂಡ್ರಿಸಿದ್ದು

ನಮ್ಮೂರಿಗೆ ನೀರು ಮಳೆಯಿಲ್ಲದೆ ಬಂತು. ಆಲಮಟ್ಟಿ ಅಣೆಕಟ್ಟಿನಲ್ಲಿ ತಡೆದು ನಿಲ್ಲಿಸಿದ ಕೃಷ್ಣೆ ಅನಗವಾಡಿ ದಾಟಿ ಹಿಂದೆ ಹಿಂದೆ ಸರಿಯುತ್ತ, ಒಣಬಿಸಿಲಿನಲ್ಲಿ, ಸದ್ದಿಲ್ಲದೆ ಹೊಲಗಳೊಳಗೆ ನಡೆದು ಬಂದಳು. ಬೆಳಗ್ಗೆ ಬದುವಿನ ಹತ್ತಿರ ಇದ್ದ ನೀರು ಸಂಜೆಗೆ ಜಾಲಿಗಿಡದ ಬುಡದಲ್ಲಿರುತ್ತಿತ್ತು. ಗರಡಿಮನೆಯ ಕೆಮ್ಮಣ್ಣು ಕರಗಿದ ದಿನ ಆ ಮೂಲೆಯ ನೀರೆಲ್ಲ ಕೆಂಪಗೆ ಹೊಳೆಯಿತು. ಊರು ಆಗಲೇ ದಿಬ್ಬದ ಮೇಲಿನ ಹೊಸ ಪ್ಲಾಟುಗಳಿಗೆ ಏರಿತ್ತು. ನನ್ನ ಚಿಗವ್ವ ಇಂದ್ರವ್ವ ಮಾತ್ರ ಹಟ ಹಿಡಿದಿದ್ದಳು. ಗಂಡನನ್ನು ಹೊಳೆದಂಡೆಯಲ್ಲಿ ಬಿಟ್ಟು ಆಕೆ ಬರುವುದಿಲ್ಲ.

ಗಂಡ, ಅಂದರೆ ನನ್ನ ಕಾಕಾ ಶಿದ್ರಾಮಪ್ಪ, ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅಂಗೈಯಲ್ಲಿ ಲಿಂಗವಿಟ್ಟು ಕೂಡ್ರಿಸುತ್ತೇವೆ. ಕಾಕಾನನ್ನೂ ಹಾಗೇ ಕೂಡ್ರಿಸಿದ್ದೆವು. ಅಂದಿನಿಂದ ಚಿಗವ್ವನ ಪಾಲಿಗೆ ಆತ ಅಲ್ಲಿ ಕೂತಿದ್ದಾನೆ, ಅಷ್ಟೇ.

“ಕುಣಿಯಿಂದ ಒಂದು ಹಿಡಿ ಮಣ್ಣು ತಂದರ ಸಾಕವ್ವಾ,” ಎಂದು ಮಠದ ಅಯ್ಯನವರು ತಿಳಿಸಿ ಹೇಳಿದರು.

“ಅವ್ರು ಅಲ್ಲಿ ನೀರಾಗ ಕೂತಿರ್ತಾರ, ನಾ ಇಲ್ಲಿ ಮಣ್ಣಿಗೆ ಕೈ ಮುಗೀಲೇನ್ರಿ?” ಎಂದಳು ಚಿಗವ್ವ.

ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹಟಮಾರಿಗಳ ಜತೆ ವಾದ ಮಾಡುವ ತಾಳ್ಮೆ ನನಗಿಲ್ಲ. ಕಾಕಾನನ್ನು ದಿಬ್ಬಕ್ಕೆ ತರಲೆಂದು ರಜೆ ಹಾಕಿ, ಗುದ್ದಲಿ ಹಿಡಿಯುವ ಚನಮಲ್ಲಪ್ಪನನ್ನೂ ಚಿಗವ್ವನನ್ನೂ ಕರೆದುಕೊಂಡು ಹೊರಟೆ.

ದಾರಿಯುದ್ದಕ್ಕೂ ಚಿಗವ್ವ ಕನಸಿನಲ್ಲಿದ್ದವಳ ಹಾಗೆ ಗಂಡನ ಮೈಯ ಬಗ್ಗೆಯೇ ಮಾತಾಡಿದಳು. ಕಾಕಾ ಪೈಲ್ವಾನ. ಮುಧೋಳ, ಜಮಖಂಡಿಯ ಕುಸ್ತಿಗಳಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದವನೆಂದು ಹೆಸರಾದವನು. ಸಾಮು ಮುಗಿಸಿ ಬಂದವನಿಗೆ ದಿನಾ ಸಂಜೆ ಎಣ್ಣೆ ತಿಕ್ಕುವುದು ಚಿಗವ್ವನ ಕೆಲಸವಾಗಿತ್ತು. “ಮೀನಖಂಡ ಒತ್ತಿದ್ರ ಬೆರಳ ಕೆಳಗಿಂದ ಜಾರಿ ಹೋಗ್ತಿತ್ತು ನೋಡೋ ಸಂಜಯ. ರಟ್ಟಿ ಹಿಡಿಯಾಕ ನನ್ನ ಎರಡೂ ಕೈ ಸಾಲ್ತಿರ್ಲಿಲ್ಲ,” ಎಂದು ಖಾಲಿ ಗಾಳಿಯಲ್ಲಿ ಆ ರಟ್ಟೆಯ ಗಾತ್ರ ಹಿಡಿದು ತೋರಿಸಿದಳು. ನಾಚಿಕೆ ಇಲ್ಲದ ಮುದುಕಿ ಎಂದು ಒಳಗೊಳಗೇ ನಕ್ಕೆ. ಆದರೆ ನನ್ನ ಹೆಂಡತಿ ನನ್ನ ಬಗ್ಗೆ ಎಂದಾದರೂ ಹೀಗೆ ಮಾತಾಡಿಯಾಳೇ ಎಂದು ಹೊಟ್ಟೆಕಿಚ್ಚೂ ಆಯಿತು.

ನೀರು ಕುಣಿಯಿಂದ ಹತ್ತು ಮಾರು ದೂರದಲ್ಲಿತ್ತು. ಚನಮಲ್ಲಪ್ಪ ಎರೆಮಣ್ಣನ್ನು ಮೆಲ್ಲಗೆ ಬಿಡಿಸುತ್ತ ಹೋದ. ಗೂಡು ತೆರೆದಾಗ ಅಲ್ಲಿ ಯಾರೂ ಕೂತಿರಲಿಲ್ಲ. ನೆಲದ ಮೇಲೆ ಎಲುಬಿನ ಗುಡ್ಡೆ ಇತ್ತು. ತಲೆಬುರುಡೆ ಉರುಳಿ ತೊಡೆಯೆಲುಬಿನ ಪಕ್ಕ ಬಿದ್ದಿತ್ತು.

ಚಿಗವ್ವ ಬಹಳ ಹೊತ್ತು ನೋಡಿದಳು. “ಯಾರು ಕೆಡವಿದ್ರೋ ಇವರನ್ನ?” ಎಂದಳು. ಸ್ವಲ್ಪ ಹೊತ್ತಿಗೆ, “ಇವ್ರು ಅವರಲ್ಲ,” ಎಂದು ಮುಖ ತಿರುಗಿಸಿದಳು.

ಕೂತಿರುವುದು ಎಲುಬಿನ ಕೆಲಸ ಎಂದೇ ನಮ್ಮೂರಿನವರೆಲ್ಲ ತಿಳಿದಿದ್ದರು. ನಾನು ಕುಣಿಯ ದಂಡೆಗೆ ಆಕೆಯ ಪಕ್ಕ ಕೂತೆ. “ಯಾರೂ ಕೆಡವಿಲ್ಲ ಚಿಗವ್ವ. ಎಲುಬು ತಾವಾಗೇ ಕೂಡೂದಿಲ್ಲ, ಸ್ನಾಯು ಹಿಡಿದು ಕೂಡ್ರಸ್ತಾವ. ನಾವು ಸುಮ್ನ ಕೂತಾಗೂ ಬೆನ್ನಾಗಿನ ಸ್ನಾಯು ದುಡೀತಿರ್ತಾವ. ಕಾಕಾನವು ಮಣ್ಣಾದ್ವು. ಹಿಡಿಯೋರು ಹೋದಮ್ಯಾಲ ಎಲುಬು ಕಳಚಿದ್ವು.”

ರಟ್ಟೆಯ ಎಲುಬೊಂದನ್ನು ಒರೆಸಿ ಆಕೆಯ ಕೈಗೆ ಕೊಟ್ಟೆ. ಸ್ನಾಯು ಎಲುಬಿಗೆ ಅಂಟಿದ ಜಾಗ ಒರಟಾಗಿರುತ್ತದೆ. ವರ್ಷಗಟ್ಟಲೆ ಜಗ್ಗಿಸಿಕೊಂಡ ಎಲುಬು ಅಲ್ಲಿ ಏಣು ಕಟ್ಟಿ ಉಬ್ಬುತ್ತದೆ. ಆ ಎಲುಬಿನ ನಡುವೆ ಅಂಥದೊಂದು ಏಣು ದಪ್ಪಗೆ ಎದ್ದಿತ್ತು. ಚಿಗವ್ವ ಹೆಬ್ಬೆರಳನ್ನು ಅದರ ಮೇಲೆ ಆಡಿಸಿದಳು, ಹಿಂದಕ್ಕೆ ತಂದು ಮತ್ತೆ ಆಡಿಸಿದಳು. ಅವಳ ಹೆಬ್ಬೆರಳು ಅಲ್ಲಿಗೆ ಬಂದು ತಾನಾಗಿ ನಿಂತಿತು.

“ಇಲ್ಲೇ ನೋವು ಅಂತಿದ್ರು,” ಎಂದಳು. ಆಮೇಲೆ ಅತ್ತಳು.

ಎಲುಬುಗಳನ್ನು ಬಿಳಿ ಪಂಜೆಯಲ್ಲಿ ಕಟ್ಟಿ, ಚಿಗವ್ವ ಲಿಂಗವನ್ನು ಸೆರಗಿಗೆ ಗಂಟು ಹಾಕಿಕೊಂಡ ಮೇಲೆ ದಿಬ್ಬ ಹತ್ತಿದೆವು. ಹೊಸ ಕುಣಿ ತೆಗೆದು ಗೂಡು ಕೊರೆದಾಗಿತ್ತು. ಅಯ್ಯನವರು ಗಂಟನ್ನು ಹಾಗೇ ಒಳಗೆ ಇಡಿ ಎಂದರು. ಚಿಗವ್ವ ಸೀರೆ ಎತ್ತಿ ಕಟ್ಟಿ ಕುಣಿಗೆ ಇಳಿದಳು. ಹೆಣ್ಣುಮಗಳು ಕುಣಿಗೆ ಇಳಿಯುವುದೇ ಎಂದು ಯಾರೋ ಗೊಣಗಿದರು. ಅಯ್ಯನವರು ಕೈಯೆತ್ತಿ ಅವರನ್ನು ಸುಮ್ಮನಿರಿಸಿದರು.

ನಾನು ಎಲುಬುಗಳನ್ನು ಕ್ರಮವಾಗಿ ಕೊಡುತ್ತ ಹೋದೆ. ಮೊದಲು ಸೊಂಟದ್ದು, ಮಡಚಿಟ್ಟ ಹಾಗೆ ಕಾಲಿನವು, ಆಮೇಲೆ ಬೆನ್ನೆಲುಬಿನ ಮಣಿಗಳು. ಒಂದರ ಮೇಲೊಂದು ಇಟ್ಟು ಆಕೆ ಕೈಯಿಂದ ಹಿಡಿದಿರುತ್ತಿದ್ದಳು, ಚನಮಲ್ಲಪ್ಪ ಸುತ್ತ ಮಣ್ಣು ಹಾಕಿ ಒತ್ತುತ್ತಿದ್ದ. ಮಣ್ಣು ಹಿಡಿದ ಮೇಲೆ ಆಕೆಯ ಕೈ ಮೇಲಿನ ಮಣಿಗೆ ಹೋಗುತ್ತಿತ್ತು. ಕೈಯೆಲುಬುಗಳ ನಡುವೆ ಲಿಂಗ ಇಟ್ಟಳು. ಬಿಸಿಲು ಇಳಿದು ಕೆಳಗಿನ ನೀರೆಲ್ಲ ಹಳದಿಯಾಗಿತ್ತು.

ಕೊನೆಗೆ ತಲೆ. ಎರಡೂ ಅಂಗೈಯಲ್ಲಿ ಅದನ್ನು ಹಿಡಿದು ಕೂಡ್ರಿಸಿದಳು. ಮಣ್ಣು ಗದ್ದದವರೆಗೆ ಬಂತು, ಆಕೆಯ ಮುಂಗೈ ಮುಚ್ಚಿತು. ರಟ್ಟೆಗಳು ಥರಥರ ನಡುಗುತ್ತಿದ್ದವು.

“ಕೈ ತಗಿ ಚಿಗವ್ವ,” ಎಂದೆ.

“ತಗದ್ರ ಬೀಳ್ತಾರ.”

ನಾನೂ ಇಳಿದೆ. ಆಕೆಯ ಬೆರಳುಗಳ ಸಂದಿನಲ್ಲಿ ನನ್ನ ಕೈಯಾರೆ ಮಣ್ಣು ತುಂಬಿ ಒತ್ತಿದೆ. “ಮಣ್ಣು ಹಿಡಕೊಂಡೈತಿ. ಬಿಡು.”

ಒಂದೊಂದೇ ಬೆರಳು ಬಿಟ್ಟಳು. ಎರಡೂ ಕೈ ಹೊರಬಂದವು, ಆದರೂ ಗಾಳಿಯಲ್ಲಿ ಹಾಗೇ ಕಾದು ನಿಂತವು. ತಲೆ ಅಲುಗಲಿಲ್ಲ. ಕಾಕಾ ನೆಟ್ಟಗೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದ.

“ಆತು,” ಎಂದಳು ಚಿಗವ್ವ. “ಇನ್ನ ಮುಖದ ಮ್ಯಾಲ ಹಾಕು.”

ನನ್ನ ಕೈ ಏಳಲಿಲ್ಲ. ಬೊಗಸೆಯಲ್ಲಿ ಆಕೆಯೇ ಮಣ್ಣು ತೆಗೆದುಕೊಂಡಳು.