ಎರಡು ಹಳೆಯ ಕಾರು, ಒಂದು ಕಿವಿ

ಭದ್ರಾವತಿಯ ರಾಯರ ಹತ್ತಿರ ದೂರ ಪ್ರಯಾಣಕ್ಕೆಂದೇ ಮಾಡಿದ ಎರಡು ಹಳೆಯ ಕಾರುಗಳಿದ್ದವು, ಒಂದು ಬ್ರಿಟನ್ನಿನದು, ಇನ್ನೊಂದು ಅಮೆರಿಕದ್ದು. ತೀರಿಹೋದ ಹೆಂಡತಿಯ ವರ್ಷಾಂತದ ಕರ್ಮ ಮುಗಿದ ಮೇಲೆ ಅಮೆರಿಕದ್ದನ್ನು ಮಾರಲು ನಿಶ್ಚಯಿಸಿ, ಕಳಿಸುವ ಮೊದಲು ಪೂಜೆ ಮಾಡಿಕೊಡಿ ಅಂತ ನನ್ನನ್ನು ಶಿವಮೊಗ್ಗದಿಂದ ಕರೆಸಿದರು.

ಅಮೆರಿಕದ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾ ಕೇಳಿದೆ, “ಇದು ಸೋಫಾ ಇದ್ದ ಹಾಗಿದೆ. ಆ ಬ್ರಿಟನ್ ಕಾರಲ್ಲಿ ಕೂತ್ರೆ ಮಂಡಿ ಎದೆಗೆ ಬರುತ್ತೆ. ಇದನ್ನೇ ಯಾಕೆ ಕೊಡ್ತೀರಿ ರಾಯರೇ?”

“ಬ್ರಿಟನ್ ಕಾರು ಗುಣವಂತ ಭಟ್ರೇ, ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತೆ. ಅದರಲ್ಲಿ ನಮ್ಮವಳೂ ಎಲ್ಲದಕ್ಕೂ ‘ಹ್ಞೂಂ’ ಅಂತಿದ್ಲು. ಇದಕ್ಕೆ ಎಂಜಿನ್ ದೊಡ್ಡದು ಮಾರಾಯ್ರೇ, ಆದ್ರೆ ತೀರ್ಥಹಳ್ಳಿ ಮುಟ್ಟೋದ್ರೊಳಗೆ ಅವಳ ಜೊತೆ ಜಗಳ.”

ನಾನು ನಕ್ಕೆ. “ಇದರ ಸ್ಟೀರಿಂಗ್ ಎಡಕ್ಕಿದೆಯಲ್ಲ. ಅಮ್ಮನವರು ನಿಮ್ಮ ಬಲಕ್ಕೆ ಕೂರ್ತಿದ್ರು, ಅವರ ಎಡಗಿವಿ ನಿಮ್ಮ ಕಡೆ. ಬ್ರಿಟನ್ ಕಾರಲ್ಲಾದ್ರೆ ಬಲಗಿವಿ. ಆ ಕಿವಿಯಲ್ಲಿ ಪಾಪ, ಏನು ಕೇಳಿಸೀತು?”

“ಯಾಕೆ, ಆ ಕಿವಿಗೇನಾಗಿತ್ತು?” ಅಂದರು ರಾಯರು.

ಇವರ ಮನೆಯಲ್ಲಿ ನಾನು ಸತ್ಯನಾರಾಯಣ ಕಥೆ ಓದುವಾಗ ಅಮ್ಮನವರು ಪ್ರತಿ ಸಲವೂ ನನ್ನ ಮಣೆಯನ್ನು ತಮ್ಮ ಎಡಕ್ಕೆ ಹಾಕಿಸುತ್ತಿದ್ದರು, ಬಲಗಿವಿ ಕೇಳುವುದಿಲ್ಲ ಅಂತ. ಗಂಡನಿಗೆ ಗೊತ್ತಿಲ್ಲದೆ ಇರುತ್ತದೆಯೇ ಅಂದುಕೊಂಡಿದ್ದೆ. ಈಗ ಹೇಳಲೇಬೇಕಾಯಿತು.

ರಾಯರು ಅಮೆರಿಕದ ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡರು. ಪಕ್ಕದ ಸೀಟನ್ನು ನೋಡಲಿಲ್ಲ.

“ಆ ಬ್ರಿಟನ್ ಕಾರಲ್ಲಿ ಎಷ್ಟೊಂದು ಮಾತಾಡಿದ್ದೆ ಭಟ್ರೇ,” ಅಂದರು. ಆಮೇಲೆ, “ಕೊಳ್ಳೋರು ಅದನ್ನೇ ತಗೊಂಡು ಹೋಗಲಿ.”

ನಿಂಬೆಹಣ್ಣುಗಳನ್ನು ಎತ್ತಿ ಬ್ರಿಟನ್ನಿನ ಕಾರಿನ ಚಕ್ರಗಳಿಗೆ ಇಟ್ಟೆ. ಭಗವಂತ ನನ್ನ ಬಾಯಿಗೆ ಅಷ್ಟೊಂದು ಮಂತ್ರ ಕೊಟ್ಟ, ಆ ಬಾಯನ್ನು ಯಾವಾಗ ಮುಚ್ಚಬೇಕು ಅನ್ನುವುದನ್ನು ಮಾತ್ರ ನನಗೇ ಬಿಟ್ಟ.